ಮರಾಠಿ ಎಲುಬಿಗೆ ಮೈಲಿಗೆ ಇಲ್ಲ

ನಮ್ಮ ಊರು ಅಥಣಿಯಿಂದ ಕಾಗವಾಡಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ. ಇಲ್ಲಿ ಬಂದು ಕಡಕ್ ಮನುಷ್ಯ ಯಾರು ಎಂದು ಕೇಳಿದರೆ ಎಲ್ಲರೂ ವಿರುಪಾಕ್ಷಪ್ಪ ಸಾವಕಾರರ ಮನೆಯ ಕಡೆಗೇ ಕೈ ತೋರಿಸುತ್ತಾರೆ. ಆರು ಎಕರೆ ದ್ರಾಕ್ಷಿ, ನಾಲ್ಕು ಎಕರೆ ಕಬ್ಬು, ದ್ರಾಕ್ಷಿ ಒಣಗಿಸಿ ಬೇದಾಣೆ ಮಾಡುವ ಒಂದು ದೊಡ್ಡ ಶೆಡ್ಡು ಅವರಿಗಿದೆ. ಹಣೆಯ ಮೇಲಿನ ವಿಭೂತಿ ಬೆಳಿಗ್ಗೆ ಹಚ್ಚಿದ್ದು ಸಂಜೆಯ ತನಕ ಹಾಗೇ ಇರುತ್ತದೆ. ಬೆವರು ಬರುವಂಥ ಕೆಲಸವನ್ನು ಅವರು ಮಾಡುವುದಿಲ್ಲವಾದ್ದರಿಂದ ಅದರಲ್ಲಿ ಪವಾಡವೇನೂ ಇಲ್ಲ. ಹೋಟೆಲಿನಲ್ಲಿ ಚಹಾ ಕುಡಿಯುವಾಗ ಪಕ್ಕದವನು ಆಮ್ಲೆಟ್ ತರಿಸಿದರೆ ಸಾವಕಾರರು ತಟ್ಟನೆ ಎದ್ದುಬಿಡುತ್ತಾರೆ. ಚಹಾ ಮಾತ್ರ ಚೆಲ್ಲುವುದಿಲ್ಲ. ಕಪ್ಪು ಹಿಡಿದುಕೊಂಡು ಹೊರಗೆ ಹೋಗಿ, ನಿಂತು ಕುಡಿದು, ಕಪ್ಪನ್ನು ಕಿಟಕಿಯೊಳಗಿಂದ ಕೊಡುತ್ತಾರೆ.

ಇಷ್ಟರಿಂದಲೇ ಅವರಿಗೆ ಹೆಸರು ಬಂದಿರಲಿಲ್ಲ. ಹೆಸರು ಬಂದದ್ದು ಹುಸೇನಮಿಯಾನ ಮಟನ್ ಅಂಗಡಿಯಿಂದ. ಆ ಅಂಗಡಿ ಸಾವಕಾರರ ಮನೆಯ ಎದುರಿಗೆ, ಬೇವಿನ ಗಿಡದ ಬುಡದಲ್ಲಿ, ಮೂವತ್ತು ವರ್ಷ ಇತ್ತು. ಐದು ವರ್ಷದ ಹಿಂದೆ ಓಣಿಯ ನಾಯಿಯೊಂದು ಒಂದು ಎಲುಬನ್ನು ಕಚ್ಚಿಕೊಂಡು ಬಂದು ಸಾವಕಾರರ ತುಳಸಿಕಟ್ಟೆಯ ಮೇಲೆ ಕುಳಿತು ತಿಂದಿತು. ಸಾವಕಾರರು ಒಂದು ದಿನ ಊಟ ಬಿಟ್ಟರು. ಮರುದಿನ ಅರ್ಜಿ ಬರೆದರು. ಮೂರು ತಿಂಗಳಲ್ಲಿ ಅಂಗಡಿ ಕಾಲುವೆ ದಾಟಿ, ಇಟ್ಟಂಗಿ ಭಟ್ಟಿಯ ಆಚೆಗೆ ಹೋಯಿತು. ನನ್ನ ಹೆಜ್ಜೆಯಲ್ಲಿ ಅಲ್ಲಿಗೆ ಎರಡು ಸಾವಿರದ ಒಂದು ನೂರು ಹೆಜ್ಜೆ. ಹುಸೇನಮಿಯಾನ ಮೊಣಕಾಲು ಆಗಲೇ ಸವೆದಿದ್ದವು. ಊರಿನ ತುಂಬ ಮಾತ್ರ ವಿರುಪಾಕ್ಷಪ್ಪನವರು ಓಣಿಯನ್ನು ಶುದ್ಧ ಮಾಡಿದರು ಎಂಬ ಮಾತು ನಿಂತಿತು. ಆ ಮಾತೇ ಅವರ ಆಸ್ತಿ. ಹತ್ತು ಎಕರೆ ಅದರ ಮುಂದೆ ಏನೂ ಅಲ್ಲ.

ಅಂಥವರು ಹೋದ ವರ್ಷ ಡಿಸೆಂಬರಿನಲ್ಲಿ ಒಂದು ನಾಯಿಮರಿ ತಂದರು. ಶೇಡಬಾಳದ ಒಬ್ಬ ದ್ರಾಕ್ಷಿ ಬೆಳೆಗಾರ ಶೆಡ್ಡು ಕಾಯಲು ಜರ್ಮನ್ ಜಾತಿಯ ನಾಯಿ ಇಟ್ಟಿದ್ದ. ಅವನಿಗೆ ಇದ್ದದ್ದು ತಮಗೂ ಇರಬೇಕಲ್ಲ. ಕೊಲ್ಹಾಪುರದಿಂದ ಎರಡು ತಿಂಗಳ ಗಂಡುಮರಿ ಕಾರಿನಲ್ಲಿ ಸೊಸೆಯ ಮಡಿಲಲ್ಲಿ ಕುಳಿತು ಬಂತು. ಸೊಸೆ ರೂಪಾಲಿ ಇಚಲಕರಂಜಿಯ ಕಡೆಯವಳು, ಮಾತಿನಲ್ಲಿ ಅರ್ಧ ಮರಾಠಿ. ಮರಿಗೆ ಸಾವಕಾರರು ಬೇದಾಣಾ ಎಂದು ಹೆಸರಿಟ್ಟರು. ತಮ್ಮ ಮಾಲಿನ ಹೆಸರು ಊರಿಗೆಲ್ಲ ಕೇಳಲಿ ಎಂದು ಓಣಿಯಲ್ಲಿ ನಿಂತು ದೊಡ್ಡ ದನಿಯಲ್ಲಿ ಕರೆಯುತ್ತಿದ್ದರು.

ನಾಲ್ಕು ತಿಂಗಳಾದಾಗ ಮರಿಗೆ ಹಾಲುಹಲ್ಲು ಬಿದ್ದು ಗಟ್ಟಿಹಲ್ಲು ಬರಲು ಶುರುವಾಯಿತು. ಒಸಡು ಕಡಿಯುತ್ತದೆ, ಮರಿ ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ಅದು ಮೊದಲು ಕಚ್ಚಿದ್ದು ಸಾವಕಾರರ ಅಥಣಿಯ ಚಪ್ಪಲಿ. ಆಮೇಲೆ ಬೇದಾಣೆ ಒಣಗಿಸುವ ಬಲೆ. ಆಮೇಲೆ ಅವರ ಓದುವ ಮಣೆಯ ಒಂದು ಕಾಲು. ಮಣೆ ಓರೆಯಾಗಿ, ಅವರು ಪಾರಾಯಣ ಮಾಡುವಾಗ ಪುಸ್ತಕ ಎಡಕ್ಕೆ ಜಾರತೊಡಗಿತು.

ಕಚ್ಚಲು ಏನಾದರೂ ಕೊಡಬೇಕು ಎಂದು ಎಲ್ಲರೂ ಹೇಳಿದರು. ಸಾವಕಾರರು ಶುದ್ಧ ಶಾಕಾಹಾರಿ ದಾರಿ ಹಿಡಿದರು. ಮೊದಲು ಕಬ್ಬಿನ ತುಂಡು. ಅದರ ನಾರು ಒಸಡಿನೊಳಗೆ ಸೇರಿ ಮರಿ ಎರಡು ದಿನ ಹಾಲನ್ನೂ ಮುಟ್ಟಲಿಲ್ಲ. ಆಮೇಲೆ ಕೊಬ್ಬರಿ ಬಟ್ಟಲು. ಅದರ ಎಣ್ಣೆಗೆ ಹೊಟ್ಟೆ ಕೆಟ್ಟು ಪಡಸಾಲೆಯಲ್ಲಿ ಕಾಲಿಡಲು ಜಾಗ ಉಳಿಯಲಿಲ್ಲ. ಮೂರನೆಯದು ಅವರದೇ ಬೇದಾಣೆ. ಮನೆಗೆ ಬಂದವರ ಎದುರಿಗೆ ಒಂದು ಮುಷ್ಟಿ ಹಾಕಿ, ನಾಯಿಗೂ ನಮ್ಮ ಮಾಲಿನ ರುಚಿ ಗೊತ್ತಾಗುತ್ತದೆ ನೋಡಿ ಎನ್ನುತ್ತಿದ್ದರು. ನಾಲ್ಕನೆಯ ದಿನ ಮರಿ ವಾಂತಿ ಮಾಡಿತು. ಐದನೆಯ ದಿನ ಉಚ್ಚೆ ಹೊಯ್ಯಲಿಲ್ಲ. ಕಾಗವಾಡದ ದನದ ದವಾಖಾನೆಗೆ ಒಯ್ದು ಎರಡು ದಿನ ಸಲಾಯಿನ್ ಹಚ್ಚಿದರು.

ಅಲ್ಲಿ ನೀಲಮ ಎಂಬ ಡಾಕ್ಟರ್‌ಬಾಯಿ ಇದ್ದಾರೆ. ದ್ರಾಕ್ಷಿಯಾಗಲಿ ಬೇದಾಣೆಯಾಗಲಿ ನಾಯಿಗೆ ವಿಷ, ಕಿಡ್ನಿ ಹೋಗುತ್ತದೆ ಎಂದು ಅವರು ಹೇಳಿದ್ದರಿಂದ ಸಾವಕಾರರಿಗೆ ಬಹಳ ಅವಮಾನವಾಯಿತು.

"ನಮ್ಮ ಬೇದಾಣಿ ಎಕ್ಸ್‌ಪೋರ್ಟ್ ಮಾಲ ಐತ್ರಿ ಬಾಯಾರ," ಎಂದರು.

"ಎಕ್ಸ್‌ಪೋರ್ಟ್ ಮಾಲ ಅಂತ ಕಿಡ್ನಿಗೆ ಗೊತ್ತಾಗೂದಿಲ್ರಿ," ಎಂದರು ಡಾಕ್ಟರ್‌ಬಾಯಿ.

ಮರಿ ಉಳಿಯಿತು. ಸಾವಕಾರರು ಬರುವ ದಾರಿಯಲ್ಲಿ ಮಿರಜಕ್ಕೆ ಕಾರು ತಿರುಗಿಸಿ, ನಾಯಿಸಾಮಾನಿನ ಅಂಗಡಿಯಿಂದ ಒಂದು ಪಾಕೀಟು ತಂದರು. ಎರಡೂ ತುದಿಗೆ ಗಂಟು ಹಾಕಿದ, ಹಾಲಿನಂತೆ ಬೆಳ್ಳಗಿನ, ವಾಸನೆಯಿಲ್ಲದ ಎಲುಬಿನ ಆಕಾರ. ಇಷ್ಟು ಬೆಳ್ಳಗೆ ಇದ್ದದ್ದು ಹಿಟ್ಟಿನದೇ ಇರಬೇಕು ಎಂದು ಅವರೇ ತೀರ್ಮಾನ ಮಾಡಿ ದೇವರ ಜಗುಲಿಯ ಪಕ್ಕದ ಮಾಡದಲ್ಲಿ, ವಿಭೂತಿ ಗಟ್ಟಿಯ ಡಬ್ಬಿಯ ಹತ್ತಿರ ಇಟ್ಟರು. ಮರಿ ಪೂರ್ತಿ ಚೇತರಿಸಿಕೊಳ್ಳುವ ತನಕ, ಎಂಟು ದಿನ, ಅದು ಅಲ್ಲೇ ಇತ್ತು. ಒಂಬತ್ತನೆಯ ದಿನ ರೂಪಾಲಿ ಪಾಕೀಟಿನ ಮೇಲೆ ಬರೆದದ್ದನ್ನು ಓದಿದಳು.

"ಮಾಮಾ, ಇದು ಎಮ್ಮಿ ಚರ್ಮ."

ಸಾವಕಾರರು ಅಂದು ಎರಡು ಸಲ ಸ್ನಾನ ಮಾಡಿದರು. ಆ ಚರ್ಮದ ಗಂಟುಗಳನ್ನು ಕೋಲಿನಿಂದ ತಳ್ಳಿ ತಳ್ಳಿ ಅಂಗಳಕ್ಕೆ ತಂದು, ಓಣಿಯ ಆ ತುದಿಯಲ್ಲಿರುವ ನನ್ನನ್ನು ಕರೆಸಿ, ಒಯ್ದು ಒಗೆ ಕಾಳವ್ವಾ ಎಂದರು. ನಾನು ಒಗೆಯುವ ಮೊದಲು ಒಂದನ್ನು ತಂಬಿಗೆಯ ನೀರಿನಲ್ಲಿ ನೆನೆಹಾಕಿದೆ. ಮುಂಜಾನೆ ಒಂದು ಬೆರಳಿನಷ್ಟು ದಪ್ಪ ಇದ್ದದ್ದು ಸಂಜೆಗೆ ಮೂರು ಬೆರಳಾಯಿತು, ತಂಬಿಗೆಯ ಬಾಯಿಯಿಂದ ಹೊರಗೆ ಬರಲಿಲ್ಲ. ತಂಬಿಗೆಯನ್ನು ತಂದು ಸಾವಕಾರರಿಗೆ ತೋರಿಸಿದೆ. ಮರಿಯ ಗಂಟಲು ಈ ತಂಬಿಗೆಯ ಬಾಯಿಗಿಂತ ಸಣ್ಣದು ಎಂದೆ. ಅಥಣಿಯ ಚಪ್ಪಲಿ ಕಚ್ಚುವುದು ಇದಕ್ಕಿಂತ ಕಡಿಮೆ ಅಪಾಯ.

ಹಾಗಾದರೆ ಏನು ಕೊಡಬೇಕು ಎಂದು ಅವರು ನನ್ನನ್ನೇ ಕೇಳಿದರು. ಅದಕ್ಕೆ ಕಾರಣವಿತ್ತು. ನನ್ನ ಗಂಡ ಕುರಿ ಕಾಯುತ್ತಿದ್ದ. ನಲವತ್ತು ವರ್ಷ ನಮ್ಮ ಹಟ್ಟಿಯಲ್ಲಿ ನಾಯಿ ತಪ್ಪಿರಲಿಲ್ಲ. ಅವನು ಹೋದ ಮೇಲೆ ಕುರಿಯೂ ಇಲ್ಲ, ನಾಯಿಯೂ ಇಲ್ಲ. ಮರಿಗಳ ಹಲ್ಲು ನೋಡಿದ ಕಣ್ಣು ಮಾತ್ರ ಉಳಿದಿದೆ. ನಾನು ಹೇಳಿದ್ದು ಇಷ್ಟೇ: ಗಜ್ಜರಿಯನ್ನು ಫ್ರಿಜ್ಜಿನಲ್ಲಿ ಇಟ್ಟು ತಣ್ಣಗೆ ಮಾಡಿ ಕೊಡಿ, ಹಸಿಬಟ್ಟೆಯನ್ನು ಹುರಿ ಮಾಡಿ ಬರ್ಫಕ್ಕೆ ಇಟ್ಟು ಕೊಡಿ, ಒಸಡಿಗೆ ಹಾಯ್ ಅನಿಸುತ್ತದೆ. ಕೊಡುವ ಯಾವ ವಸ್ತುವಾದರೂ ಹೆಬ್ಬೆರಳಿನ ಉಗುರಿನಿಂದ ಒತ್ತಿ ನೋಡಿ. ಉಗುರು ಸ್ವಲ್ಪವೂ ಇಳಿಯದಿದ್ದರೆ ಅದು ಮರಿಯ ಹಲ್ಲನ್ನು ಮುರಿಯುತ್ತದೆ. ಗಜ್ಜರಿ ಹದಿನೈದು ದಿನ ನಡೆಯಿತು. ಆಮೇಲೆ ಮರಿ ಅದನ್ನು ಎರಡೇ ಕಡಿತಕ್ಕೆ ಮುಗಿಸಿ ಮಣೆಯ ಎರಡನೆಯ ಕಾಲಿಗೆ ಬಂತು. ಸೂಜಿ ಹಾಕಿಸಲು ಹೋದಾಗ ಡಾಕ್ಟರ್‌ಬಾಯಿ, ಇನ್ನು ವಾರಕ್ಕೆ ಎರಡು ಸಲ ಒಂದು ಹಸಿ ಎಲುಬು ಕೊಡಿ ಎಂದು ಹೇಳಿಬಿಟ್ಟರು.

ಮುಂದಿನದನ್ನು ರೂಪಾಲಿಯೇ ನನಗೆ ಹೇಳಿದಳು. ಕಾರು ಮನೆ ಹತ್ತಿರ ಬಂದಾಗ ಸಾವಕಾರರು, ಎಲುಬು ಎಂಬ ಶಬ್ದವನ್ನು ಮನೆಯಲ್ಲಿ ಯಾರೂ ಅನ್ನಬಾರದು ಎಂದರಂತೆ. ಮತ್ತೆ ಏನನ್ನಬೇಕು ಎಂದು ಇವಳು ಕೇಳಿದಳು. ನಿಮ್ಮ ಮರಾಠಿಯಲ್ಲಿ ಅದಕ್ಕೆ ಏನನ್ನುತ್ತಾರೆ ಎಂದರು. ಹಾಡ ಅನ್ನುತ್ತಾರೆ ಎಂದಳು. ಅವರಿಗೆ ಸಮಾಧಾನವಾಯಿತು. ಕನ್ನಡದಲ್ಲಿ ಅಂದರೆ ಮೈಲಿಗೆ, ಮರಾಠಿಯಲ್ಲಿ ಅಂದರೆ ಇಲ್ಲ.

ಅದೇ ಸಂಜೆ ನನ್ನನ್ನು ಕರೆಸಿದರು. ಕಟ್ಟೆಯ ಮೇಲೆ ಕುಳಿತು, ಅತ್ತ ಇತ್ತ ನೋಡಿ, ಸಣ್ಣ ದನಿಯಲ್ಲಿ ಹೇಳಿದರು.

"ಕಾಳವ್ವಾ, ಒಂದು ಹಾಡ ಬೇಕಾಗಿತ್ತು."

"ನನ್ನ ದನಿ ಬಿದ್ದೈತ್ರಿ ಸಾವಕಾರ್ರ. ಯಾರ ಮದಿವೀಗ್ರಿ?"

"ಆ ಹಾಡ ಅಲ್ಲವಾ. ಮರಾಠೀದು."

"ಮರಾಠಿ ಹಾಡು ನನಗ ಮೊದಲ ಬರೂದಿಲ್ರಿ."

ಒಳಗೆ ರೂಪಾಲಿಗೆ ನಗೆ ತಡೆಯಲಾಗಲಿಲ್ಲ. ಬಾಗಿಲಿಗೆ ಬಂದು, "ಎಲುಬರೀ ಆಯಿ, ಎಲುಬು," ಎಂದಳು. ಸಾವಕಾರರು ಎರಡೂ ಕಿವಿಗೆ ಕೈ ಇಟ್ಟುಕೊಂಡರು.

ಒಪ್ಪಂದ ಹೀಗಾಯಿತು. ನಾನು ಹುಸೇನಮಿಯಾನ ಅಂಗಡಿಗೆ ಹೋಗಬೇಕು. ನನಗೇ ಒಂದು ನಾಯಿ ಇದೆ ಎಂದು ಹೇಳಬೇಕು. ಚೀಲದಲ್ಲಿ ಕೆಳಗೆ ಅದು, ಮೇಲೆ ಪುಂಡಿಪಲ್ಲೆಯ ಸೊಪ್ಪು. ಹಿತ್ತಲ ಬಾಗಿಲಿನಿಂದ ಒಳಗೆ ಬರಬೇಕು. ಸಾವಕಾರರ ಹೆಸರು ಎಲ್ಲಿಯೂ ಬರಬಾರದು. ಅದು ಬಂದರೆ ತಾವು ಊರಿನಲ್ಲಿ ತಲೆ ಎತ್ತಿ ತಿರುಗುವಂತಿಲ್ಲ ಎಂದರು. ಆಗ ಅವರ ಮುಖ ನೋಡಿದರೆ ಮರಿಯ ಹಲ್ಲಿಗಿಂತ ಹೆಚ್ಚು ಅವರ ಹಲ್ಲೇ ನೋಯುತ್ತಿತ್ತು.

ಹುಸೇನಮಿಯಾ ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಕಾಲು ಚಾಚಿ ಕುಳಿತಿದ್ದ. ಅಷ್ಟು ದೂರ ಗಿರಾಕಿ ಕಡಿಮೆ. ನಾಯಿಗೆ ಎಂದೆ. ಯಾವಾಗ ತಂದಿ ಎಂದು ಕೇಳಿದ, ಹಿಂದಿನ ತಿಂಗಳು ಎಂದೆ. ವಯಸ್ಸೆಷ್ಟು ಎಂದು ಕೇಳಿದ, ಐದು ತಿಂಗಳು ಎಂದೆ. ಅವನು ಕುರಿಯ ಮೊಣಕಾಲಿನ ಕೀಲು ಹುಡುಕಿದ. ಮರಿಯ ಮೂತಿಗಿಂತ ದೊಡ್ಡದಿರಬೇಕು, ಪೂರ್ತಿ ನುಂಗಲು ಬರಬಾರದು. ಉದ್ದಕ್ಕೆ ಸೀಳಬಾರದು, ಸೀಳಿದರೆ ಅಂಚು ಚಾಕುವಾಗುತ್ತದೆ. ಬಳೆಯ ಹಾಗೆ ಅಡ್ಡ ಕತ್ತರಿಸಲೂಬಾರದು, ಕೆಳದವಡೆಗೆ ಸಿಕ್ಕಿಕೊಳ್ಳುತ್ತದೆ. ಕೀಲಿನ ಮೇಲೂ ಕೆಳಗೂ ಒಂದೊಂದೇ ಏಟು, ನಡುವೆ ಮೆತ್ತನೆಯ ಕೀಲುಗಂಟು. ಇದೆಲ್ಲ ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಸಾವಕಾರರಿಗೆ ಮಾತ್ರ ಗೊತ್ತಿರಲಿಲ್ಲ.

ಅವರು ಮೊದಲ ಎಲುಬನ್ನು ಶೆಡ್ಡಿನ ಹಿಂದೆ ಹಳೆಯ ಬೋಗುಣಿಯಲ್ಲಿ ಅರಿಸಿನ ಹಾಕಿ ಮೂರು ಸಲ ಕುದಿಸಿದರು. ಕುದಿದ ಎಲುಬು ಗಾಜಿನಂತೆ ಒಡೆಯುತ್ತದೆ. ಸಂಜೆಗೆ ನಾನು ಹೋದಾಗ ಮರಿ ಎರಡೂ ಮುಂಗಾಲಿನಿಂದ ಮುಖ ಕೆರೆದುಕೊಳ್ಳುತ್ತ ಅಂಗಳದ ತುಂಬ ತಿರುಗುತ್ತಿತ್ತು. ಅಂಗಳದಲ್ಲಿ ಹಳದಿ ಚೂರುಗಳು. ರೂಪಾಲಿಗೆ ದವಡೆ ಹಿಡಿಯಲು ಹೇಳಿ, ಚಮಚದ ಹಿಡಿಕೆಯಿಂದ ಬಾಯಿಯ ಮೇಲಿನ ಅಂಗುಳಕ್ಕೆ ಅಡ್ಡ ಸಿಕ್ಕಿದ್ದ ಚೂಪನೆಯ ತುಂಡನ್ನು ತೆಗೆದೆ. ನನ್ನ ಕಿರುಬೆರಳಿನ ಅರ್ಧದಷ್ಟಿತ್ತು.

"ಕುದಿಸಿದ್ರ ಶುದ್ಧ ಆಗತೈತಿ ಅನಕೊಂಡಿದ್ದೆ," ಎಂದರು ಸಾವಕಾರರು.

"ಶುದ್ಧ ಆಗಿತ್ರಿ. ನುಂಗಿದ್ರ ಇವತ್ತ ಮಣ್ಣ ಮಾಡೂದಿತ್ತು."

ಅಲ್ಲಿಂದ ಮುಂದೆ ಹಸಿಯದೇ. ನಾನು ತಂದ ದಿನವೇ ಕೊಡಬೇಕು. ಯಾರಾದರೂ ಹತ್ತಿರ ಕುಳಿತಿರಬೇಕು. ಕಾಲು ತಾಸಾದ ಮೇಲೆ ಒಂದು ಗಜ್ಜರಿ ತುಂಡು ತೋರಿಸಿ, ಎಲುಬು ಬಿಡಿಸಿ ತೆಗೆದಿಡಬೇಕು, ಎಳೆದಾಡಬಾರದು. ಆಮೇಲೆ ಕೈ ತೊಳೆಯಬೇಕು, ಕಡಿದ ಎಲುಬನ್ನು ಆಳವಾಗಿ ಹುಗಿಯಬೇಕು. ಸಾವಕಾರರ ಕೆಲಸ ಒಂದೇ. ಅವರು ದೂರ ನಿಂತು, ಮುಖ ಆಚೆ ತಿರುಗಿಸಿ, "ಬೇದಾಣಾ, ಹಾಡ್! ಹಾಡ್!" ಎಂದು ಕರೆಯುತ್ತಿದ್ದರು. ಮರಿ ಚಾಣಾಕ್ಷ. ಎರಡು ವಾರದಲ್ಲಿ ಅದು ತನ್ನ ಹೆಸರಿಗೆ ತಿರುಗದಿದ್ದರೂ ಹಾಡ್ ಎಂದರೆ ಎಲ್ಲಿದ್ದರೂ ಓಡಿ ಬರುತ್ತಿತ್ತು. ಎಲುಬು ಬಾಯಿಯಲ್ಲಿದ್ದರೆ ತಂದು ಪಾದದ ಮೇಲೆ ಇಡುತ್ತಿತ್ತು, ಗಜ್ಜರಿ ಸಿಗುತ್ತದೆ ಎಂದು.

ನಾನು ಸಾವಕಾರರಿಗೆ ಒಮ್ಮೆ ಎಚ್ಚರಿಕೆ ಹೇಳಿದೆ. ನಮ್ಮ ಗಡಿಭಾಗದಲ್ಲಿ ಓಣಿಯ ನಾಯಿಯನ್ನು ಓಡಿಸುವಾಗ ಕನ್ನಡದವರೂ ಮರಾಠಿಯವರೂ ಅನ್ನುವುದು ಇದೇ ಹಾಡ್. ಊರೆಲ್ಲ ಹೋಗು ಎನ್ನುವ ಶಬ್ದಕ್ಕೆ ಈ ಮರಿ ಬಾ ಎಂದು ತಿಳಿದರೆ ಹೇಗೆ ಎಂದೆ. ತಮ್ಮ ನಾಯಿ ಓಣಿಯ ನಾಯಿಯಲ್ಲ, ಅದನ್ನು ಓಡಿಸುವ ಧೈರ್ಯ ಯಾರಿಗಿದೆ ಎಂದು ಅವರು ನಕ್ಕರು.

ಇನ್ನೊಂದು ಮಾತೂ ಹೇಳಿದೆ. ನಾನು ಹಸಿ ಎಲುಬು ತಂದದ್ದು ಒಂಬತ್ತು. ತಿರುಗಿ ತೆಗೆದು ಹುಗಿದದ್ದು ಆರು. ನಾನು ಇಲ್ಲದ ದಿನ ಇವರು ಮುಖ ತಿರುಗಿಸಿ ನಿಂತದ್ದೇ ನಿಂತದ್ದು, ಮರಿ ಮೂರನ್ನು ಎಲ್ಲಿಯೋ ಒಯ್ದಿದೆ. ಹುಡುಕಿಸಿ ಎಂದೆ. ಯಾರಿಂದ ಹುಡುಕಿಸುವುದು, ಏನು ಕಳೆದಿದೆ ಎಂದು ಹೇಳುವುದು ಎಂದು ಅವರು ನನ್ನನ್ನೇ ಕೇಳಿದರು.

ಏಪ್ರಿಲ್ ಕೊನೆಗೆ ಹುಸೇನಮಿಯಾ ಪಂಚಾಯತಿಗೆ ಅರ್ಜಿ ಕೊಟ್ಟ. ಬೇವಿನ ಗಿಡದ ಹತ್ತಿರ ಹೊಸ ಮಳಿಗೆ ಕಟ್ಟಿದ್ದರು. ಒಂದು ಖಾಲಿ ಇತ್ತು, ಒಳಗೆ ಟೈಲ್ಸ್, ಮುಂದೆ ಬಾಗಿಲು. ತನ್ನ ಕಾಲು ಕಾಲುವೆಯ ತನಕ ನಡೆಯುವುದಿಲ್ಲ, ಪರದೆ ಹಾಕಿಕೊಂಡು ಕೂಡುತ್ತೇನೆ ಎಂದು ಬರೆಸಿದ್ದ. ಸಾವಕಾರರು ಅಂದೇ ತಕರಾರು ಬರೆದರು. ವಾರಕ್ಕೆ ಎರಡು ಸಲ ಅವನ ಕತ್ತಿಯ ಕೆಳಗಿನದನ್ನು ತರಿಸಿಕೊಳ್ಳುತ್ತ, ಅದೇ ಕೈಯಿಂದ ಅವನು ಬರಬಾರದು ಎಂದು ಬರೆಯುವುದು ಹೇಗೆ ಎಂದು ಕೇಳಿದೆ. ಈಗ ಬರೆಯದಿದ್ದರೆ ಯಾಕೆ ಬರೆಯಲಿಲ್ಲ ಎಂದು ಜನ ಕೇಳುತ್ತಾರೆ ಕಾಳವ್ವಾ ಎಂದರು. ಅವರ ಲೆಕ್ಕದಲ್ಲಿ ಅದು ಸರಿಯೇ ಇತ್ತು.

ಪಂಚಾಯತಿ ಮೆಂಬರ್ ವಿಠೋಬಾ ಜಗಳ ಬೇಡವೆಂದು ಎರಡೂ ಕಡೆಯವರನ್ನು ಒಂದು ಬೆಳಿಗ್ಗೆ ಸಾವಕಾರರ ಕಟ್ಟೆಯ ಮೇಲೆಯೇ ಕೂಡಿಸಿದ. ಎಂಟು ಹತ್ತು ಜನ ಬಂದಿದ್ದರು. ಹುಸೇನಮಿಯಾ ಮೆಟ್ಟಿಲು ಹತ್ತಲಾಗದೆ ಕೆಳಗಿನ ಮೆಟ್ಟಿಲಿನ ಮೇಲೆಯೇ ಕುಳಿತ. ನಾನು ಕಂಬದ ಹತ್ತಿರ ಇದ್ದೆ. ಸಾವಕಾರರು ಕನ್ನಡಕ ಹಾಕಿ ಕಾಗದ ಓದಿದರು. ಅಂಗಡಿ ಬಂದರೆ ಎಲುಬು ಬರುತ್ತವೆ, ಎಲುಬು ಬಂದರೆ ನಾಯಿ ಬರುತ್ತವೆ, ಈ ಓಣಿಯಲ್ಲಿ ಐದು ವರ್ಷದಿಂದ ಒಂದು ಎಲುಬೂ ಯಾರ ಕಣ್ಣಿಗೂ ಬಿದ್ದಿಲ್ಲ. ಕಾಗದದಲ್ಲಿ ಅವರು ಆ ಶಬ್ದವನ್ನು ಕನ್ನಡದಲ್ಲಿಯೇ ಬರೆದಿದ್ದರು.

ಆಗ ಬೇದಾಣಾ ಹೊರಗೆ ಬಂತು. ಯಾರನ್ನೂ ನೋಡಲಿಲ್ಲ. ಸೀದಾ ಹುಸೇನಮಿಯಾನ ಹತ್ತಿರ ಹೋಗಿ ಅವನ ಕೈ ಮೂಸಿ, ಪಾದ ಮೂಸಿ, ಮಡಿಲಲ್ಲಿ ತಲೆ ಇಟ್ಟು ನೆಕ್ಕತೊಡಗಿತು. ಹುಟ್ಟಿದಾಗಿನಿಂದ ಬಲ್ಲವನಂತೆ. ಗಾಬರಿಯಾದಾಗ ಮನುಷ್ಯನ ಬಾಯಿಂದ ಸಣ್ಣಂದಿನಿಂದ ರೂಢಿಯಾದ ಮಾತೇ ಬರುತ್ತದೆ.

"ಹಾಡ್! ಹಾಡ್!" ಎಂದರು ಸಾವಕಾರರು.

ಮರಿಯ ಎರಡೂ ಕಿವಿ ನೆಟ್ಟಗಾದವು. ಒಂದು ಜಿಗಿತಕ್ಕೆ ಹಿತ್ತಲಿಗೆ ಓಡಿ, ಜೋಳದ ಕಣಿಕೆಯ ಬಣವೆಯ ಬುಡ ಕೆದರಿ, ಮಣ್ಣು ಮೆತ್ತಿದ ಒಂದು ಕೀಲಿನ ಎಲುಬನ್ನು ತಂದು ಸಾವಕಾರರ ಪಾದದ ಮೇಲೆ ಇಟ್ಟು, ಗಜ್ಜರಿಗಾಗಿ ಮುಖ ನೋಡುತ್ತ ಕುಳಿತಿತು.

ವಿಠೋಬಾ ಓಣಿಯ ನಾಯಿಯನ್ನು ಓಡಿಸುವಂತೆ ಟವೆಲ್ ಬೀಸಿ, "ಹಾಡ್ ಲೇ," ಎಂದ. ಮರಿಗೆ ಸಂತೋಷವಾಯಿತು. ಹೋಗಿ ಎರಡನೆಯದನ್ನು ತಂದು ವಿಠೋಬಾನ ಮುಂದೆ ಇಟ್ಟಿತು.

ರೂಪಾಲಿ ಬಾಗಿಲಿನಿಂದ ಕೂಗಿದಳು. "ಮಾಮಾ, ಯಾರೂ ಹಾಡ್ ಅನಬ್ಯಾಡ್ರಿ."

ಮೂರನೆಯದು ಹಾಗೆ ಬಂತು. ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಮರಿ ಸಾವಕಾರರ ಕೈಯಿಂದ ಕಟ್ಟೆಯ ಮೇಲೆ ಬಿದ್ದಿದ್ದ ತಕರಾರಿನ ಕಾಗದದ ಮೇಲೆ ಇಟ್ಟಿತು. ನನ್ನ ಒಂಬತ್ತೂ ಸರಿಹೋದವು.

ಹುಸೇನಮಿಯಾ ನಿಧಾನಕ್ಕೆ ಮೊದಲ ಎಲುಬನ್ನು ಎತ್ತಿ ಮಣ್ಣು ಒರೆಸಿದ. ಮೇಲೊಂದು ಏಟು, ಕೆಳಗೊಂದು ಏಟು. ತನ್ನ ಕತ್ತಿಯ ಏಟು ಯಾರಿಗೆ ಗೊತ್ತಾಗುವುದಿಲ್ಲ. ಅವನು ನನ್ನನ್ನು ನೋಡಿದ, ಆಮೇಲೆ ಸಾವಕಾರರನ್ನು ನೋಡಿದ. ಹೇಳುವುದಿದ್ದರೆ ಅಂದು ಬೇಕಾದಷ್ಟು ಹೇಳಬಹುದಿತ್ತು.

"ಕಾಳವ್ವಕ್ಕಾ," ಎಂದ, "ನಿನ್ನ ನಾಯಿ ಬಾಳ ತಿರಗತೈತಿ ಬಿಡು. ಎಲ್ಲಿಂದ ಎಲ್ಲಿಗಿ ಹೊತ್ತ ತಂದೈತಿ."

"ಹೌದು, ಇವು ಕಾಳವ್ವನ ನಾಯೀವು," ಎಂದರು ಸಾವಕಾರರು ಉಸಿರು ಬಿಡುತ್ತ. "ನಾ ಎಷ್ಟ ಸಲ ಹೇಳೀನಿ ಆಕೀಗಿ."

ಇದು ಒಪ್ಪಂದದಲ್ಲಿ ಇರಲಿಲ್ಲ. ನಾಯಿ ನನ್ನದು ಎಂದು ಹೇಳಲು ಒಪ್ಪಿದ್ದೆ, ತಪ್ಪು ನನ್ನದು ಎಂದು ಹೇಳಲು ಒಪ್ಪಿರಲಿಲ್ಲ. ನಾನು ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದೆ.

"ಹೌದ್ರಿ, ಇವು ನನ್ನ ನಾಯೀವ," ಎಂದೆ. "ಅದಕ್ಕ ಹಲ್ಲ ಬರಾಕತ್ತಾವ. ವಾರಕ್ಕ ಎರಡ ಸಲ ಕಾಲಿವಿ ದಾಟಿ ಹೋಗಾಕ ನನ್ನ ಕಾಲ ಬರೂದಿಲ್ಲ. ಅಂಗಡಿ ಇಲ್ಲೇ ಬಂದ್ರ ನಾ ಸುಮ್ಮನ ತರತೇನಿ. ಬರಲಿಲ್ಲಂದ್ರ ನಾ ಯಾರ ಸಲುವಾಗಿ ನಡದೇನಿ ಅಂತ ಕೂತ ಹೇಳಬೇಕಾಗತೈತಿ. ನೀವ ಹೇಳ್ರಿ ಸಾವಕಾರ್ರ, ಏನ ಮಾಡಲಿ?"

ಸಾವಕಾರರು ಕಾಗದವನ್ನು ನೋಡಿದರು. ಅದರ ಮೇಲಿನ ಎಲುಬನ್ನು ಎತ್ತದೆ ಅದನ್ನು ತಿರುಗಿ ಓದಲು ಆಗುವಂತಿರಲಿಲ್ಲ, ಎತ್ತಲು ಅವರಿಂದ ಸಾಧ್ಯವಿರಲಿಲ್ಲ. ವಿಠೋಬಾ ಕೆಮ್ಮಿದ. ಜನರಲ್ಲಿ ಅರ್ಧ ಮಂದಿ ನೆಲ ನೋಡುತ್ತಿದ್ದರು, ಅರ್ಧ ಮಂದಿ ಮೇಲೆ ನೋಡುತ್ತಿದ್ದರು. ಕೊನೆಗೆ ಅವರು ಗಂಟಲು ಸರಿಮಾಡಿಕೊಂಡು, ವಯಸ್ಸಾದ ವಿಧವೆಯೊಬ್ಬಳಿಗೆ ತ್ರಾಸಾಗುವುದನ್ನು ನೋಡಿ ಸುಮ್ಮನಿರುವುದು ತಮ್ಮ ಮನೆತನಕ್ಕೆ ಶೋಭಿಸುವುದಿಲ್ಲ ಎಂದರು. ಅವಳ ಸಲುವಾಗಿ, ಕೇವಲ ಅವಳ ಸಲುವಾಗಿ, ತಕರಾರು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದರು. ನಾಲ್ಕು ಮಂದಿ ತಲೆಯಾಡಿಸಿದರು. ಒಬ್ಬನಂತೂ ದೊಡ್ಡ ಮನಸ್ಸು ಎಂದ.

ಹೀಗೆ ಅವರ ಹೆಸರು ಉಳಿಯಿತು, ಸ್ವಲ್ಪ ಬೆಳೆಯಿತು ಕೂಡ. ಹುಸೇನಮಿಯಾನಿಗೆ ಮಳಿಗೆ ಕೊಟ್ಟ ಪಂಚಾಯತಿ ಠರಾವಿನ ನಕಲು ಪ್ರತಿಯನ್ನು ವಿಠೋಬಾ ನನಗೂ ಒಂದು ಕೊಟ್ಟ. ನಾನು ಅಕ್ಷರ ಕೂಡಿಸಿ ಕೂಡಿಸಿ ಒಂದು ಮಧ್ಯಾಹ್ನವೆಲ್ಲ ಓದಿದೆ. ಶ್ರೀಮತಿ ಕಾಳವ್ವ ಇವರ ನಾಯಿಯ ಅನುಕೂಲಕ್ಕಾಗಿ ಎಂದು ಅದರಲ್ಲಿ ಇದೆ. ಪಂಚಾಯತಿಯ ದಪ್ತರದಲ್ಲಿ ನನಗೆ ಒಂದು ನಾಯಿ ಇದೆ. ಅದಕ್ಕೆ ಇನ್ನೂ ಹೆಸರಿಟ್ಟಿಲ್ಲ.

ಈಗ ಬೇದಾಣಾನ ಹಲ್ಲು ಪೂರ್ತಿ ಬಂದಿವೆ, ನಾನೇ ಬಾಯಿ ತೆರೆದು ಎಣಿಸಿದ್ದೇನೆ, ನಲವತ್ತೆರಡು. ಹುಸೇನಮಿಯಾ ಪರದೆಯ ಹಿಂದೆ ಸ್ಟೂಲಿನ ಮೇಲೆ ಕಾಲು ಚಾಚಿ ಕುಳಿತಿರುತ್ತಾನೆ. ಸಾವಕಾರರ ಬಾಗಿಲಿನಿಂದ ಅವನ ಅಂಗಡಿಗೆ ಹದಿನಾಲ್ಕು ಹೆಜ್ಜೆ. ನನ್ನ ಮನೆಯಿಂದ ನೂರಾ ಹತ್ತು. ಮಂಗಳವಾರ, ಶುಕ್ರವಾರ ಅವರು ಕಟ್ಟೆಯ ಮೇಲೆ ನಿಂತು ನನಗೆ ಹೇಳಿ ಕಳಿಸುತ್ತಾರೆ. ನಾನು ನೂರಾ ಹತ್ತು ಹೆಜ್ಜೆ ನಡೆದು ಬಂದು, ಎಲುಬು ತೆಗೆದುಕೊಂಡು, ಮೇಲೆ ಪುಂಡಿಪಲ್ಲೆ ಮುಚ್ಚಿ, ಓಣಿ ಸುತ್ತಿ ಹಿತ್ತಲ ಬಾಗಿಲಿಗೆ ಹೋಗುತ್ತೇನೆ. ಕಟ್ಟೆಯ ಮೇಲೆ ನಿಂತು ಅವರು ಅಷ್ಟು ಹೊತ್ತೂ ಬೇವಿನ ಗಿಡದ ತುದಿಯನ್ನು ನೋಡುತ್ತಿರುತ್ತಾರೆ.